ತೊಳೆಯದ ಕಂಬಳಿ

ನಮ್ಮೂರಿನಲ್ಲಿ ಯಾರ ಜೊತೆಗಾದರೂ ಜಗಳವಾಡಬೇಕು ಎಂದರೆ ಮೊದಲು ಅವರನ್ನು ಮನೆಯೊಳಗೆ ಕರೆದು ಕೂರಿಸಬೇಕು. "ಬಾ ಒಳಕ್ಕೆ, ನಿನಗೆ ನಾಕು ಮಾತು ಬೈಯೋದೈತೆ" ಎಂದು ನನ್ನ ಓರಗಿತ್ತಿಯೇ ಎಷ್ಟೋ ಸಲ ಕರೆದಿದ್ದಾಳೆ. ನಾನೂ ಹೋಗಿ ಚಾಪೆಯ ಮೇಲೆ ಕೂತು ಬೈಸಿಕೊಂಡು, ನನ್ನ ಪಾಲಿನದನ್ನು ನಾನೂ ಬೈದು, ಮಜ್ಜಿಗೆ ಕುಡಿದು ಬಂದಿದ್ದೇನೆ. ಹೊಸ್ತಿಲು ದಾಟಿ ಬೀದಿಗೆ ಬಂದ ಮೇಲೆ ಮಾತ್ರ ಯಾರೂ ದನಿ ಎತ್ತುವ ಹಾಗಿಲ್ಲ. ಬೀದಿಯಲ್ಲಿ ಕೂಗಿದ ಮಾತು ಕೂಗಿದ ಜಾಗದಲ್ಲೇ ನಿಂತುಬಿಡುತ್ತದೆ. ಕೂಗಿದವನು ಮನೆಗೆ ಹೋಗಿ ಉಂಡು ಮಲಗಿದರೂ ಅವನ ಮಾತು ಅಲ್ಲೇ, ಅವನ ಬಾಯಿ ಎಷ್ಟೆತ್ತರಕ್ಕಿತ್ತೋ ಅಷ್ಟೆತ್ತರದಲ್ಲಿ, ಹೋಗಿ ಬರುವವರ ಕಿವಿಗೆಲ್ಲ ಬೀಳುತ್ತಿರುತ್ತದೆ. ಅದು ಕರಗುವುದು ನೀರಿಗೆ ಮಾತ್ರ. ಒಂದು ಮಳೆಗಾಲ ಚೆನ್ನಾಗಿ ನೆನೆಯಬೇಕು, ಆಗ ಹೋಗುತ್ತದೆ.

ಅಂಚೆ ಕಚೇರಿಯ ತಿರುವಿನಲ್ಲಿ, ಜಗಲಿಯ ಕೆಳಗೆ ಮಳೆ ಬೀಳದ ಜಾಗದಲ್ಲಿ, ಯಾವುದೋ ಮಗು "ನಂಗೂ ಬೇಕೂ" ಎಂದು ಚೀರಿದ್ದು ಮೊಣಕಾಲಿನ ಹತ್ತಿರ ಇನ್ನೂ ಇದೆ. ಆ ಮಗು ಈಗ ಮೊಮ್ಮಕ್ಕಳನ್ನು ಕಂಡಿರಬೇಕು. ಬಗ್ಗದಿದ್ದರೆ ದೊಡ್ಡವರಿಗೆ ಅದು ಕೇಳಿಸುವುದಿಲ್ಲ, ನಾಯಿಗಳು ಮಾತ್ರ ಅಲ್ಲಿ ನಿಂತು ಕಿವಿ ನಿಮಿರಿಸುತ್ತವೆ. ಸೊಪ್ಪಿನವಳು ಕೂಗುವ ಬದಲು ಗಂಟೆ ಆಡಿಸುತ್ತಾಳೆ, ಹಾಲಿನವನು ಬಾಗಿಲು ತಟ್ಟುತ್ತಾನೆ. ಹೊರಗಿನಿಂದ ಬಂದವರು ಇದೇನಪ್ಪಾ ಮೂಗರ ಊರು ಎನ್ನುತ್ತಾರೆ. ಅನ್ನಲಿ ಬಿಡಿ. ನಮಗೆ ಅಭ್ಯಾಸವಾಗಿದೆ.

ಇದನ್ನೆಲ್ಲ ಕಾಯುವುದಕ್ಕೇ ನಮ್ಮ ಪೊಲೀಸರಿರುವುದು. ಕಳ್ಳಕಾಕರನ್ನೂ ಹಿಡಿಯುತ್ತಾರೆ, ಇಲ್ಲವೆನ್ನುವುದಿಲ್ಲ, ಆದರೆ ಪೇದೆಯ ಹೆಗಲ ಮೇಲೆ ಲಾಠಿಯ ಬದಲು ಇರುವುದು ಕರಿ ಕಂಬಳಿ. ಬೀದಿಯಲ್ಲಿ ಯಾರಾದರೂ ಬಾಯಿ ತೆರೆದರೆ ಕಂಬಳಿಯನ್ನು ಬೀಸಿ ತಲೆಯ ಮೇಲೆ ಹಾಕುತ್ತಾರೆ. ಕೂಗು ಕಂಬಳಿಯೊಳಗೆ ಇಳಿಯುತ್ತದೆ, ಬೀದಿ ಉಳಿಯುತ್ತದೆ. ಆಮೇಲೆ ಆ ಮನುಷ್ಯನನ್ನು ತೋಳು ಹಿಡಿದು ಠಾಣೆಗೆ ಕರೆದೊಯ್ದು ತಣಿಯುವ ಕೋಣೆಯಲ್ಲಿ ಕೂರಿಸಬೇಕು, ಮುಖದ ಕೆಂಪು ಇಳಿಯುವ ತನಕ. ಕೂಗಿಯೇ ಇರಬೇಕು ಎಂದೇನೂ ಇಲ್ಲ. ಕೂಗುವ ಹಾಗಿದ್ದಾನೆ ಎಂದು ಪೇದೆಗೆ ಸಕಾರಣವಾಗಿ ಅನ್ನಿಸಿದರೆ ಸಾಕು, ಅಷ್ಟಕ್ಕೆ ಕಾನೂನಿನಲ್ಲಿ ಜಾಗ ಇದೆ. "ಸಕಾರಣವಾಗಿ ಅನ್ನಿಸಿದರೆ" ಎಂಬ ಈ ಮಾತು ಠಾಣೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ನಾನು ಓದು ಕಲಿತದ್ದೇ ಆ ಗೋಡೆ ನೋಡಿಕೊಂಡು.

ನಾನು ಚೆಲುವಾಜಮ್ಮ. ಠಾಣೆಯ ಕಂಬಳಿಗಳನ್ನು ಹೊಳೆಗೆ ಒಯ್ದು ಒಗೆದುಕೊಡುವ ಕೆಲಸ ನನ್ನದು. ಕೂಗು ಹಿಡಿದ ಕಂಬಳಿಯನ್ನು ಪೇದೆಗಳು ಮಡಿಸಿ ಹಗ್ಗ ಬಿಗಿದು ತಂದುಕೊಡುತ್ತಾರೆ. ಅದನ್ನು ನೀರಿನಲ್ಲಿ ಮುಳುಗಿಸಿಯೇ ಮಡಿಕೆ ಬಿಡಿಸಬೇಕು. ಒಣಗಿದ್ದಾಗ ಬಿಡಿಸಿ ಒದರಿದರೆ ಒಳಗಿನ ಕೂಗು ಆಚೆಗೆ ಬಂದು ಅಲ್ಲೇ ನಿಂತುಕೊಳ್ಳುತ್ತದೆ, ಹಾಗೆ ಬೀದಿಯಲ್ಲಿ ಒದರಿದವರಿಗೂ ಕೂಗಿದವರಿಗೂ ಒಂದೇ ಶಿಕ್ಷೆ. ಅಂಟುವಾಳದ ಕಾಯಿ ಹಾಕಿ ತಿಕ್ಕಿ ತಿಕ್ಕಿ ನನ್ನ ಬೆರಳಿನ ತುದಿಯೆಲ್ಲ ಸುಕ್ಕಾಗಿದೆ. "ನಿನ್ನ ಬೈಗುಳದ ನೀರು ನಮ್ಮ ಗದ್ದೆಗೆ ಬತ್ತದೆ ಕಣಮ್ಮಿ" ಎಂದು ಹೊಳೆಯ ಕೆಳಗಿನವರು ತಕರಾರು ತೆಗೆಯುತ್ತಾರೆ. ಅವರ ಭತ್ತವೇನೂ ಕಡಿಮೆ ಬೆಳೆದಿಲ್ಲ, ಬಾಯಿ ಚಪಲ ಅಷ್ಟೆ.

ವೀರಭದ್ರಾಚಾರಿ ನಮ್ಮ ಬೀದಿಯ ಬಡಗಿ. ಗರಗಸದ ಸದ್ದಿಗೆ ಕಿವಿ ಅರ್ಧ ಹೋಗಿದ್ದರಿಂದ ಅವರು ಮೆತ್ತಗೆ ಮಾತಾಡಿದರೂ ಅದು ಕೂಗಿದ ಹಾಗೇ. ಪಾಪ, ಎರಡು ಸಲ ಕಂಬಳಿ ಹೊದ್ದು ಬಂದಿದ್ದರು, ಒಂದು ಸಲವಂತೂ ಬರಿಯ "ನಮಸ್ಕಾರ" ಅಂದದ್ದಕ್ಕೆ. ಹೆಂಡತಿ ತೀರಿಕೊಂಡ ಮೇಲೆ ಅವರಿಗಿದ್ದದ್ದು ಒಬ್ಬಳೇ ಮಗಳು, ಅನ್ನಪೂರ್ಣ. ಪೂರ್ಣಿ ಎಂದು ಕರೆಯುತ್ತಿದ್ದರು. ಹುಡುಗಿ ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಉಳಿ ಹಿಡಿದವಳು. ಇಬ್ಬರೂ ಮರ ಕೊರೆಯುವುದನ್ನು ನೋಡುತ್ತಾ ನಾನು ಎಷ್ಟು ಸಲ ಒಲೆಯ ಮೇಲಿನ ಸಾರು ಮರೆತಿದ್ದೇನೋ.

ಮಾರುಕಟ್ಟೆಯ ಕಾಫಿಪುಡಿ ಅಂಗಡಿಗೆ ಅವರು ಒಂದು ಬಾಗಿಲು ಮಾಡಿದರು. ಕೂರಿಸಲು ಹೋದಾಗ ಬಾಗಿಲು ಚೌಕಟ್ಟಿನಲ್ಲಿ ಕೂರಲೊಲ್ಲದು. ಆಚಾರಿಗಳು ಅಲ್ಲಿ ಕೆತ್ತಿದರು, ಇಲ್ಲಿ ಕೆತ್ತಿದರು. ಅಂಗಡಿಯವನು, ಅವನ ಗಿರಾಕಿಗಳು, ದಾರಿಹೋಕರು ಎಲ್ಲ ನಿಂತು ನೋಡುತ್ತಿದ್ದರು. ಆಗ ಪೂರ್ಣಿ, "ಅಪ್ಪಾ, ಬಾಗಿಲು ಸರಿಯಾಗೇ ಐತೆ. ಚೌಕಟ್ಟಿನ ಮೂಲೆ ಕೂಡೋ ಕಡೆ ನೀವು ತಪ್ಪು ಕೊರೆದಿದ್ದೀರಿ, ಬಿಚ್ಚಿ ಮತ್ತೆ ಕೊರೀಬೇಕು" ಎಂದಳು. ಅಪ್ಪನಿಗೆ ಕೇಳಿಸಲಿ ಎಂದು ಕಿವಿಯ ಹತ್ತಿರ ಹೋಗಿಯೇ ಹೇಳಿದಳು, ಆದರೆ ಅದು ಎಲ್ಲರಿಗೂ ಕೇಳಿಸಿತು. ಯಾರೋ ನಕ್ಕರು. ಆ ನಗು ಒಂದು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

"ನನಗೆ ಹೇಳಕ್ಕೆ ನೀ ಯಾವೋಳೇ! ನನ್ನ ಮಗಳಲ್ಲ ನೀನು, ತೊಲಗು ಕಣ್ಣ ಮುಂದಿಂದ!" ಎಂದು ಆಚಾರಿಗಳು ಕೂಗಿಬಿಟ್ಟರು. ಹತ್ತಿರದಲ್ಲಿ ಒಬ್ಬ ಪೇದೆಯೂ ಇರಲಿಲ್ಲ. ಮಾತು ಬೀದಿಯಲ್ಲೇ ನಿಂತುಬಿಟ್ಟಿತು.

ಬೇರೆ ಬೀದಿಯಾಗಿದ್ದರೆ ಮಳೆಗಾಲಕ್ಕೆ ಹೋಗುತ್ತಿತ್ತು. ಆದರೆ ನಮ್ಮ ಪುರಸಭೆಯವರು ಬಿಸಿಲು ಜಾಸ್ತಿ ಎಂದು ಮಾರುಕಟ್ಟೆಯ ಬೀದಿಗೆ ಉದ್ದಕ್ಕೂ ತಗಡಿನ ಚಾವಣಿ ಹಾಕಿಸಿದ್ದರು. ಬುದ್ಧಿವಂತರು! ಚಾವಣಿಯ ಕೆಳಗೆ ಮಾತು ಬೆಚ್ಚಗೆ ನಿಂತಿತು. ಪೂರ್ಣಿ ದಿನಾ ಮರದ ಡಿಪೋಗೆ ಹೋಗಿಬರುತ್ತಿದ್ದುದು ಅದೇ ದಾರಿಯಲ್ಲಿ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅಪ್ಪನ ಬಾಯಲ್ಲಿ ತೊಲಗು ಎನ್ನಿಸಿಕೊಳ್ಳಬೇಕು. ಮೊದಮೊದಲು ಸೆರಗಿನಿಂದ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಆಮೇಲೆ ನಿಧಾನವಾಗಿ, ಕಿವಿ ಮುಚ್ಚಿಕೊಳ್ಳದೆ ನಡೆಯತೊಡಗಿದಳು. ಅದನ್ನು ನೋಡಿದಾಗ ನನಗೆ ಹೆದರಿಕೆಯಾಯಿತು.

ಆಚಾರಿಗಳಿಗೆ ಪಶ್ಚಾತ್ತಾಪ ಆಗಲಿಲ್ಲ ಎಂದುಕೊಳ್ಳಬೇಡಿ. ಬಾಯಲ್ಲಿ ಹೇಳುವ ಮನುಷ್ಯ ಅಲ್ಲ, ಅಷ್ಟೆ. ಬೆಳಿಗ್ಗೆ ಎದ್ದು ಬಿಂದಿಗೆ ಬಿಂದಿಗೆ ನೀರು ಹೊತ್ತುಕೊಂಡು ಹೋಗಿ ಆ ಜಾಗಕ್ಕೆ ಎರಚುತ್ತಿದ್ದರು. ನೀರು ಬಟ್ಟೆ ಅಂಗಡಿಗಳ ಒಳಕ್ಕೆ ಹರಿಯಿತು, ಯಾರೋ ಜಾರಿ ಬಿದ್ದರು, ದೂರು ಹೋಯಿತು. ಠಾಣೆಯವರು ಕರೆದು, ಸಾರ್ವಜನಿಕ ದಾರಿಗೆ ಅಡಚಣೆ ಮಾಡುತ್ತಿದ್ದೀರಿ, ಇನ್ನೊಂದು ಸಲ ಕಂಡರೆ ಒಳಗೆ ಕೂರಿಸುತ್ತೇವೆ ಎಂದು ಎಚ್ಚರಿಕೆ ಕೊಟ್ಟರು. ಈ ಮನುಷ್ಯನ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಪೇದೆಗಳಿಗೂ ಹೇಳಿದರು. ಅವರು ಬಿಂದಿಗೆ ಮನೆಯಲ್ಲಿಟ್ಟರು. ಆ ಚೌಕಟ್ಟನ್ನು ತಮ್ಮ ಕೊಟ್ಟಿಗೆಗೆ ತಂದುಕೊಂಡು, ಮೂಲೆಯನ್ನು ಮಾತ್ರ ಮುಟ್ಟದೆ, ಉಳಿದ ಕಡೆಯೆಲ್ಲ ಕೆತ್ತುತ್ತಾ ಕೂತರು. ಅಪ್ಪ ಮಗಳ ನಡುವೆ ಮಾತಿಲ್ಲ. ಒಬ್ಬರು ಬಡಿಸುವುದು, ಒಬ್ಬರು ಉಣ್ಣುವುದು.

ಪೂರ್ಣಿ ಊರು ಬಿಟ್ಟ ದಿನ ನಾನು ಒಣಗಿದ ಕಂಬಳಿಗಳ ಹೊರೆ ಹೊತ್ತು ಹೊಳೆಯಿಂದ ಬರುತ್ತಿದ್ದೆ. ಬಸ್ ನಿಲ್ದಾಣ ದಾರಿಯಲ್ಲೇ ಇದೆ, ಬಟಾಬಯಲು, ಒಂದು ಮರದ ನೆರಳೂ ಇಲ್ಲ. ಅಲ್ಲಿ ಕರ್ತವ್ಯದ ಮೇಲಿದ್ದವನು ಬಸಪ್ಪಾಜಿ. ಒಳ್ಳೆಯ ಹುಡುಗ, ಹುಡುಗ ಎಂದರೆ ನನಗೆ ಹುಡುಗ, ಅವನಿಗೂ ಮೀಸೆ ನರೆತಿದೆ. ಕಂಬಳಿ ಹಾಕುವಾಗ ಮೂಗಿಗೆ ಉಸಿರಾಡಲು ಸಂದಿ ಬಿಡುವ ಪೇದೆ ಅವನೊಬ್ಬನೇ ಎಂದು ಹೆಸರಿತ್ತು. "ಅಕ್ಕ, ನನ್ನ ಕಂಬಳಿ ಒಂದು ಇಲ್ಲೇ ಕೊಟ್ಟುಬುಡು, ಠಾಣೆಗೆ ಹೋಗಿ ತರೋ ಅಷ್ಟೊತ್ತಿಲ್ಲ" ಎಂದ. ಮೇಲಿನದನ್ನು ತೆಗೆದು ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ.

ಬಸ್ಸಿನ ಕಿಟಕಿಯಲ್ಲಿ ಪೂರ್ಣಿ ಕೂತಿದ್ದಳು, ತೊಡೆಯ ಮೇಲೆ ಚೀಲ. "ಎಲ್ಲಿಗವ್ವಾ?" ಎಂದರೆ, "ಎಲ್ಲಿಗಾರ ಅತ್ತೆ, ಇದಲ್ಲದ ಊರಿಗೆ" ಎಂದಳು. ನಾನು ಇನ್ನೇನೋ ಹೇಳುವಷ್ಟರಲ್ಲಿ ಬೀದಿಯ ತುದಿಯಿಂದ ಆಚಾರಿಗಳು ಓಡಿಬಂದರು. ಆ ವಯಸ್ಸಿನಲ್ಲಿ ಅಂಥ ಓಟ! ಮುಖ ಕೆಂಡವಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಮೇಲೆತ್ತಿದ ಕೈಯಲ್ಲಿ ಅಗಲದ ಉಳಿ ಬಿಸಿಲಿಗೆ ಹೊಳೆಯುತ್ತಿತ್ತು. ಬಸ್ಸು ಹೊರಟಿತ್ತು. ಆಚಾರಿಗಳು ನಿಂತು ಎದೆ ತುಂಬ ಉಸಿರೆಳೆದು ಬಾಯಿ ತೆರೆದರು.

ಬಸಪ್ಪಾಜಿ ಕಂಬಳಿ ಬೀಸಿದ. ಅವನ ಗುರಿ ಎಂದೂ ತಪ್ಪಿದ್ದಿಲ್ಲ.

ಕಿಟಕಿಯಲ್ಲಿದ್ದ ಪೂರ್ಣಿ ನೋಡಿದಳು. ಉಳಿ ಎತ್ತಿಕೊಂಡು ಓಡಿಬಂದ ಅಪ್ಪನನ್ನು ನೋಡಿದಳು, ತೆರೆದ ಬಾಯಿಯನ್ನು ನೋಡಿದಳು, ಕಂಬಳಿ ಬಿದ್ದದ್ದನ್ನು ನೋಡಿದಳು. ಮುಖ ತಿರುಗಿಸಿಕೊಂಡಳು. ಬಸ್ಸು ಹೋಯಿತು.

ಠಾಣೆಯಲ್ಲಿ ಎಲ್ಲ ಕ್ರಮವಾಗಿಯೇ ನಡೆಯಿತು. ಮುಖ ಕೆಂಪಿತ್ತೇ, ಇತ್ತು. ಬಾಯಿ ತೆರೆದಿದ್ದರೇ, ತೆರೆದಿದ್ದರು. ಕೈಯಲ್ಲಿ ಹರಿತವಾದದ್ದು ಇತ್ತೇ, ಇತ್ತು. ಹಿಂದೆ ಕೂಗಿದ್ದುಂಟೇ, ಉಂಟು. ಸಕಾರಣವಾಗಿ ಅನ್ನಿಸಿದ್ದು ಸರಿಯೇ ಎಂದು ಸಾಹೇಬರು ಬಸಪ್ಪಾಜಿಯ ಬೆನ್ನು ತಟ್ಟಿದರು. ಆಚಾರಿಗಳನ್ನು ಸಂಜೆಗೆ ಬಿಟ್ಟರು. ಅವರ ಮುಖದ ಕೆಂಪು ಆಗಲೇ ಇಳಿದು ಬೂದಿ ಬಣ್ಣವಾಗಿತ್ತು. ಅಂದಿನಿಂದ ಅವರು ದನಿ ಎತ್ತರಿಸಿದ್ದನ್ನು ಯಾರೂ ಕೇಳಲಿಲ್ಲ.

ಮರುದಿನ ಆ ಕಂಬಳಿ ನನ್ನ ಕೈಗೆ ಬಂತು. ಬೈಗುಳ ತುಂಬಿದ ಕಂಬಳಿಯನ್ನು ಕಂಕುಳಲ್ಲಿ ಇಟ್ಟುಕೊಂಡರೆ ಗುರುಗುಡುತ್ತದೆ, ಪಕ್ಕೆಗೆ ಕಚಗುಳಿ ಇಟ್ಟ ಹಾಗೆ. ಇದು ಗುರುಗುಡಲಿಲ್ಲ. ಹೊಳೆಯ ತನಕ ಹೊತ್ತೆ, ಸುಮ್ಮನೆ ಬೆಚ್ಚಗಿತ್ತು. ಅನುಮಾನ ಬಂದು ಹಗ್ಗದ ಸಂದಿಗೆ ಕಿವಿ ಇಟ್ಟೆ. ಒಳಗೆಲ್ಲೋ ಆಳದಲ್ಲಿ "ಪೂರ್ಣೀ" ಎಂದದ್ದು ಮಾತ್ರ ಕೇಳಿಸಿತು, ಮುಂದಿನದು ತಿಳಿಯಲಿಲ್ಲ. ಆದರೆ ಮಕ್ಕಳನ್ನು ಬೈಯಲು ಹೆಸರು ಕೂಗುವುದು ಬೇರೆ, ಕರೆಯಲು ಕೂಗುವುದು ಬೇರೆ. ನಾನೂ ಮಕ್ಕಳನ್ನು ಹೆತ್ತವಳು. ಅಯ್ಯೋ ಶಿವನೇ ಎಂದು ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟೆ. ಆ ಕಂಬಳಿಯನ್ನು ನೀರಿಗೆ ತೋರಿಸಲೇ ಇಲ್ಲ. ಮನೆಗೆ ತಂದು ರಾಗಿ ತುಂಬುವ ಗುಡಾಣದೊಳಗೆ ಇಟ್ಟು ಬಾಯಿ ಮುಚ್ಚಿದೆ.

ಬಸಪ್ಪಾಜಿ ಲೆಕ್ಕಕ್ಕೆ ಒಂದು ಕಂಬಳಿ ಕಡಿಮೆ ಇದೆ ಎಂದು ಕೇಳಿಕೊಂಡು ಬಂದಾಗ ಇದ್ದದ್ದನ್ನು ಹೇಳಿದೆ. ಅವನು ಗುಡಾಣದೊಳಗೆ ತಲೆ ಹಾಕಿ ಕೇಳಿಸಿಕೊಂಡ. ಎಷ್ಟು ಹೊತ್ತಾದರೂ ತಲೆ ಈಚೆಗೆ ತೆಗೆಯಲಿಲ್ಲ.

"ಬೈಯಕ್ಕೆ ಬಾಯಿ ತಗುದ್ರು ಅಂದ್ಕಂಡೆ ಕಣಕ್ಕ" ಎಂದ ಕೊನೆಗೆ. "ಕೈಲಿ ಉಳಿ ಇತ್ತಲ್ಲಕ್ಕ."

"ಇತ್ತು ಕಣಪ್ಪ. ನಾನೂ ಹಂಗೇ ಅಂದ್ಕಂಡೆ."

"ಯಾರಾಗಿದ್ರೂ ಹಂಗೇ ಅಂದ್ಕತಿದ್ರು."

"ಹೂಂ ಕಣಪ್ಪ, ಯಾರಾಗಿದ್ರೂ." ನಾನು ಹೂಂ ಅಂದೆ, ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಆಚಾರಿಗಳ ಹತ್ತಿರಕ್ಕೆ ಕಂಬಳಿ ಒಯ್ದೆ. ಅವರು ಚೌಕಟ್ಟಿನ ಮುಂದೆ ಕೈಕಟ್ಟಿ ಕೂತಿದ್ದರು. ಕಂಬಳಿಯನ್ನು ನೋಡಿದ ಕೂಡಲೇ ಅವರಿಗೆ ತಿಳಿಯಿತು. "ಅದು ನಂದಲ್ಲ ಕಣವ್ವ, ಅವಳ್ದು. ಅವಳ್ಗೇ ಕೊಡು" ಎಂದರು, ಪಿಸುಮಾತಿನಲ್ಲಿ. "ಒಳಗೇನೈತೆ ಅಂತ ನನಗಾದ್ರೂ ಹೇಳಿ, ಅವಳು ಸಿಕ್ಕಿದ್ರೆ ಬಾಯಲ್ಲೇ ಹೇಳ್ತೀನಿ" ಎಂದು ಬೇಡಿಕೊಂಡೆ. ಇಲ್ಲವೆಂದು ತಲೆಯಾಡಿಸಿದರು. ಎಂಥ ಹಟ ಅಂತೀರಿ! ನನಗೆ ಸಿಟ್ಟು ಬಂತು. ಅವರ ಮನೆಯೊಳಗೇ ಇದ್ದದ್ದರಿಂದ ಚೆನ್ನಾಗಿ ಬೈದೂ ಬಂದೆ. ಆಗ ಬೈಯಬಾರದಿತ್ತು.

ಬಸಪ್ಪಾಜಿ ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಊರೂರು ಹುಡುಕಿದ. ಬಂದು ನನ್ನ ಜಗಲಿಯ ಮೇಲೆ ಕೂತು ಹೇಳುತ್ತಿದ್ದ. "ಆ ಊರುಗಳಲ್ಲಿ ಜನ ನಡುಬೀದೀಲೇ ಕಿರುಚಾಡ್ತಾರೆ ಕಣಕ್ಕ. ಬೈತಾರೆ, ನಗ್ತಾರೆ, ಮಕ್ಕಳ್ನ ಕೂಗಿ ಕರೀತಾರೆ. ಒಂದೂ ಉಳಿಯಲ್ಲ, ಗಾಳಿಗೆ ಹೊಂಟೋಯ್ತದೆ. ನನ್ನ ಕೈ ಹೆಗಲ ಮ್ಯಾಲೇ ಹೋಗ್ತಿತ್ತು, ಕಂಬಳಿ ತಂದಿರ್ಲಿಲ್ಲ." ಕೊನೆಗೆ ಯಾವುದೋ ಊರಿನ ಮರ ಕೊಯ್ಯುವ ಕಾರ್ಖಾನೆಯಲ್ಲಿ ಅವಳು ಸಿಕ್ಕಳು. ಅಷ್ಟರಲ್ಲಿ ಆಚಾರಿಗಳು ಹಾಸಿಗೆ ಹಿಡಿದಿದ್ದರು. ಕೂಗಿನ ವಿಷಯವನ್ನು ಹೇಳಲು ಅವನಿಗೆ ಧೈರ್ಯ ಬರಲಿಲ್ಲವಂತೆ. ನಿಮ್ಮಪ್ಪನಿಗೆ ಹುಷಾರಿಲ್ಲ ಬಾರವ್ವ ಎಂದಷ್ಟೇ ಹೇಳಿ ಕರೆತಂದ. ಅವರಿಬ್ಬರ ಬಸ್ಸು ಬರುವ ದಿನವೇ, ಬೆಳಗಾಗುತ್ತಿದ್ದ ಹಾಗೆ, ಆಚಾರಿಗಳು ಹೋಗಿಬಿಟ್ಟರು. ಕೊನೆಗೆ ಬಾಯಿಗೆ ನೀರು ಬಿಟ್ಟವಳು ನಾನು, ಬಿಡಬೇಕಾಗಿದ್ದವಳು ಬಸ್ಸಿನಲ್ಲಿದ್ದಳು.

ಮಣ್ಣಾದ ಮೇಲೆ ಪೂರ್ಣಿ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತಿದ್ದಳು. ಕಣ್ಣಲ್ಲಿ ನೀರಿಲ್ಲ. ನಾನು ಕಂಬಳಿ ಮುಂದಿಟ್ಟು, ಬಸಪ್ಪಾಜಿ ಬಾಗಿಲಲ್ಲಿ ನಿಂತು, ನಡೆದದ್ದನ್ನು ಇಬ್ಬರೂ ಹೇಳಿದೆವು. ಅವಳು ಕಂಬಳಿಯನ್ನು ಕಾಲಿನಿಂದ ಆಚೆಗೆ ಸರಿಸಿದಳು. "ಮಾರ್ಕೆಟ್ಟಲ್ಲಿ ಒಂದು ನಿಂತೈತಲ್ಲ ಅತ್ತೆ, ಸಾಲ್ದಾ? ಬರೋವಾಗ ಅದನ್ನ ಕೇಳ್ಕಂಡೇ ಬಂದೆ. ಇದನ್ನ ತಗಂಡು ಹೋಗಿ ಹೊಳೇಲಿ ಅದ್ದಿ."

"ಇದು ಅಂಥದ್ದಲ್ಲ ಕಣವ್ವ, ನಿನ್ನ ಹೆಸರು ಕರೆದವ್ರೆ."

"ಬೈಯೋವಾಗ್ಲೂ ಹೆಸರು ಕರೀತಾರೆ."

ಎದ್ದು ಹೊರಡಲು ಗೋಡೆ ಹಿಡಿದುಕೊಂಡೆ. ಗೋಡೆಗೆ ಒರಗಿಸಿದ್ದ ಕಾಫಿಪುಡಿ ಅಂಗಡಿಯ ಚೌಕಟ್ಟು ಅಲುಗಾಡಿತು. ಪೂರ್ಣಿ ಅತ್ತ ನೋಡಿದಳು. ಎದ್ದು ಹತ್ತಿರ ಹೋದಳು. ಮೂಲೆ ಪೂರ್ತಿ ಬಿಚ್ಚಿತ್ತು. ತಪ್ಪಾಗಿ ಕೊರೆದ ಜಾಗದ ಪಕ್ಕದಲ್ಲಿ ಪೆನ್ಸಿಲ್ಲಿನ ಹೊಸ ಗೆರೆ ಎಳೆದಿತ್ತು. ಅವಳು ಅಂದು ಹೇಳಿದ್ದ ಜಾಗ. ಆ ಗೆರೆಯ ಮೇಲೆ ಉಳಿಯ ಒಂದೇ ಒಂದು ಗಾಯ, ಮರದ ಚೂರು ಇನ್ನೂ ಅರ್ಧ ಎದ್ದು ಹಾಗೇ ಇತ್ತು. ಕೆಲಸವನ್ನು ನಡುವೆ ಬಿಟ್ಟು ಕೈಯಲ್ಲಿದ್ದ ಉಳಿಯ ಸಮೇತ ಎದ್ದು ಓಡಿದ್ದು ನಮ್ಮ ಮೂವರಿಗೂ ಕಣ್ಣಿಗೆ ಕಟ್ಟಿದಂತೆ ಕಂಡಿತು. ಪೂರ್ಣಿ ಆ ಚೂರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಬಗ್ಗಿ ಕಂಬಳಿಯನ್ನು ಎತ್ತಿಕೊಂಡಳು.

"ಮನೆಯೊಳಗೇ ಬಿಚ್ಚವ್ವ, ಒಂದು ಸಲ ಕೇಳಿಸ್ತದೆ, ಯಾರೂ ಏನೂ ಅನ್ನಲ್ಲ" ಎಂದೆ. ಮನೆಯೊಳಗೆ ಬಿಚ್ಚಿದರೆ ತಪ್ಪಿಲ್ಲ. ಆದರೆ ಅಲ್ಲಿ ಕೂಗು ನಿಲ್ಲುವುದಿಲ್ಲ, ಒಂದು ಸಲಕ್ಕೆ ಮುಗಿಯಿತು.

"ಎಲ್ಲಿ ಕೂಗಿದ್ರೋ ಅಲ್ಲೇ ಬಿಚ್ತೀನಿ" ಎಂದು ಹೊರಟಳು.

ಬಸ್ ನಿಲ್ದಾಣದಲ್ಲಿ ಜನ ಇದ್ದರು. ಪೂರ್ಣಿ ಹಗ್ಗದ ಗಂಟು ಬಿಚ್ಚುವುದನ್ನು ನೋಡಿ ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಸಪ್ಪಾಜಿ ಸಮವಸ್ತ್ರದಲ್ಲಿದ್ದ, ಹೆಗಲ ಮೇಲೆ ಇನ್ನೊಂದು ಕಂಬಳಿ ಇತ್ತು. ತಡೆಯುವ ಅಧಿಕಾರ ಅವನಿಗಿತ್ತು, ತಡೆಯದಿದ್ದರೆ ಕೆಲಸಕ್ಕೆ ಕುತ್ತು. ಅವನ ಕೈ ಹೆಗಲಿನ ತನಕ ಹೋಯಿತು. ನಾನು ನೋಡುತ್ತಲೇ ಇದ್ದೆ. ಕಂಬಳಿಯನ್ನು ತೆಗೆದ, ಮಡಿಸಿದ, ನೆಲದ ಮೇಲಿಟ್ಟು ಅದರ ಮೇಲೆ ಕೂತುಕೊಂಡ.

ಪೂರ್ಣಿ ಕಂಬಳಿ ಒದರಿದಳು.

"ಪೂರ್ಣೀ! ನೀ ಹೇಳಿದ್ದೇ ಸರಿ ಕಣವ್ವಾ! ನಾನೇ ತಪ್ಪು ಕೊರೆದಿದ್ದೆ! ಬಾರವ್ವಾ ಮನೇಗೆ!"

ಆ ಕಿವುಡ ಮನುಷ್ಯನ ದನಿ ಎಷ್ಟು ದೊಡ್ಡದು ಎಂಬುದನ್ನು ನಾವು ಮರೆತಿದ್ದೆವು. ನಿಲ್ದಾಣದ ಕಾಗೆಗಳು ಹಾರಿದವು. ಪೂರ್ಣಿ ಆ ಮಾತಿನ ಎದುರಿಗೆ ನಿಂತಳು. ಅದು ಅವಳ ತಲೆಗಿಂತ ಸ್ವಲ್ಪ ಮೇಲಿತ್ತು, ಅವಳು ಮುಖ ಎತ್ತಿಕೊಂಡೇ ನಿಂತಿದ್ದಳು. ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಆಮೇಲೆ ಅತ್ತಳು, ದನಿ ತೆಗೆಯದೆ, ನಮ್ಮೂರಿನವರು ಬೀದಿಯಲ್ಲಿ ಅಳುವ ಹಾಗೆ ಸೆರಗನ್ನು ಬಾಯಿಗೆ ತುರುಕಿಕೊಂಡು. ನಾನು ಅವಳ ಬೆನ್ನು ಸವರಿ, "ಇರವ್ವ ಇಲ್ಲೇ. ಅಪ್ಪನ ಮನೆ ಐತೆ, ಅಪ್ಪನ ಉಳಿ ಐತೆ. ಬಾರವ್ವ ಮನೇಗೆ ಅಂತವ್ರಲ್ಲ" ಎಂದೆ.

"ಬಾ ಅಂತವ್ರೆ ಅತ್ತೆ" ಎಂದಳು. "ಹೋದ್ರೆ ಮನೇಲಿ ಯಾರವ್ರೆ?"

ಒದರಿದ ಶಿಕ್ಷೆಗೆ ತಣಿಯುವ ಕೋಣೆಯಲ್ಲಿ ಕೂತು ಬಂದ ಮೇಲೆ, ಚೌಕಟ್ಟಿನ ಮೂಲೆಯನ್ನು ಅಪ್ಪ ಎಳೆದ ಗೆರೆಯ ಮೇಲೇ ಕೊರೆದು ಮುಗಿಸಿ, ಅಂಗಡಿಗೆ ಕೂರಿಸಿಕೊಟ್ಟಳು. ಬಾಗಿಲು ಈಗ ಒಂದು ಬೆರಳಿಗೆ ತೆರೆಯುತ್ತದೆ. ಅದನ್ನು ಕೂರಿಸುವಷ್ಟು ಹೊತ್ತೂ ಅವಳ ತಲೆಯ ಮೇಲೆ "ನನ್ನ ಮಗಳಲ್ಲ ನೀನು" ಎಂಬುದು ಕೇಳುತ್ತಲೇ ಇತ್ತು. ಆಮೇಲೆ ಬಸ್ಸು ಹತ್ತಿದಳು. ನಿಲ್ಲಿಸುವ ಅಧಿಕಾರ ಯಾರಿಗೂ ಇರಲಿಲ್ಲ.

ಬಸಪ್ಪಾಜಿಯನ್ನು ಸ್ವಲ್ಪ ಕಾಲ ಕೆಲಸದಿಂದ ಬಿಡಿಸಿದರು, ಆಮೇಲೆ ಬೇರೆ ಯಾರೂ ಸಿಗದೆ ಅವನನ್ನೇ ಕರೆದುಕೊಂಡರು. ಕೂಗನ್ನು ಏನು ಮಾಡುವುದು ಎಂದು ಪುರಸಭೆಯಲ್ಲಿ ಮಾತಾಯಿತಂತೆ. ಬಯಲು ಜಾಗ ತಾನೆ, ಮಳೆ ಬಂದರೆ ತಾನೇ ಹೋಗುತ್ತದೆ, ಖರ್ಚೇಕೆ ಎಂದು ಬಿಟ್ಟರಂತೆ. ಮಾರುಕಟ್ಟೆಯದಕ್ಕೆ ಚಾವಣಿ ಇದೆ, ಇದಕ್ಕೆ ಇಲ್ಲ. ಅದು ಉಳಿಯುತ್ತದೆ, ಇದು ಹೋಗುತ್ತದೆ.

ಮೊನ್ನೆ ಮುಂಗಾರು ಹಿಡಿಯಿತು. ನಾನು ಕಂಬಳಿಗಳ ಹೊರೆ ಹೊತ್ತು ಹೊಳೆಯಿಂದ ಓಡಿಬರುತ್ತಿದ್ದೆ. ನಿಲ್ದಾಣ ಖಾಲಿಯಾಗಿತ್ತು, ಜನರೆಲ್ಲ ಎದುರಿನ ಹೋಟೆಲಿನ ಸೂರಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಬಯಲಿನ ನಡುವೆ ಬಸಪ್ಪಾಜಿ ಒಬ್ಬನೇ ಇದ್ದ. ಕಂಬಳಿಯನ್ನು ಎರಡು ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ. ತಾನು ಮಾತ್ರ ಅದರ ಆಚೆಗೆ ನಿಂತು ತೊಯ್ದು ತೊಪ್ಪೆಯಾಗಿದ್ದ. ಕಂಬಳಿಯ ಕೆಳಗೆ ಯಾರೂ ಇರಲಿಲ್ಲ.

"ಏನ್ಲಾ ಬಸಪ್ಪಾಜಿ, ತಲೆಗಿಲೆ ಕೆಟ್ಟಿತಾ? ಕೂಗನ್ನ ಮುಚ್ಚಕ್ಕೆ ಕೊಟ್ಟಿರೋ ಕಂಬಳಿ ಕಣ್ಲಾ ಅದು!"

"ಅದನ್ನೇ ಮಾಡ್ತಿವ್ನಿ ಕಣಕ್ಕ" ಎಂದ. ಹಲ್ಲು ಕಟಕಟ ಎನ್ನುತ್ತಿದ್ದವು. "ಆ ಕಡೆ ಜೋಲ್ತಾ ಐತೆ ನೋಡು, ಎರಚಲು ಹೊಡೀತದೆ."

ಹೊರೆಯನ್ನು ಕೆಸರಿಗೆ ಹಾಕಿ ಆ ಕಡೆಯ ಎರಡು ಮೂಲೆ ಹಿಡಿದುಕೊಂಡೆ. ಕಂಬಳಿಯ ಕೆಳಗೆ ಆಚಾರಿಗಳು ಮಗಳನ್ನು ಕರೆಯುತ್ತಲೇ ಇದ್ದರು. ಮೊದಲನೆಯ ಅಕ್ಷರ ಆಗಲೇ ನೆನೆದು ಮಂಕಾಗಿತ್ತು, ಉಳಿದದ್ದು ಸ್ಪಷ್ಟವಾಗಿತ್ತು. ಹೋಟೆಲಿನವರು ನಮ್ಮನ್ನು ನೋಡಿ ನಗುತ್ತಿದ್ದರು. ಸಂಜೆಯ ಬಸ್ಸು ಬಂದು ನಿಂತಿತು. ಬಾಗಿಲು ತೆರೆದಾಗ ನಾವಿಬ್ಬರೂ ಅತ್ತ ನೋಡಿದೆವು. ಕಂಡಕ್ಟರ್ ಕತ್ತು ಹೊರಗೆ ಹಾಕಿ, ಇಳಿಯುವವರು ಯಾರೂ ಇಲ್ಲ ಎಂದು ಕೈಸನ್ನೆ ಮಾಡಿದ. ನನ್ನ ತೋಳು ಸೋತುಹೋಗಿತ್ತು. "ಬುಡಕ್ಕ, ನಾನು ಹಿಡ್ಕತೀನಿ" ಎಂದ ಬಸಪ್ಪಾಜಿ. ನಾನು ಬಿಡಲಿಲ್ಲ.